ಹಿಂದಿನಿಂದ ಚುಚ್ಚಿದರೂ ಸಾಯದ ಕಾವಲುಗಾರ

ಕುತ್ತಿಗೆಗೆ ಕತ್ತಿ ಇಳಿದ ಮೇಲೆ ಮನುಷ್ಯ ಸಾಯಬೇಕು. ಇದನ್ನೂ ಒಬ್ಬರು ಕೂತು ಬರೆದು ಹೇಳಬೇಕಾದ ಸ್ಥಿತಿಗೆ ವಿಡಿಯೋ ಗೇಮ್‌ಗಳನ್ನು ತಂದು ನಿಲ್ಲಿಸಿದ್ದಾರಲ್ಲ, ಆ ಮಹಾನುಭಾವರಿಗೆ ದೊಡ್ಡ ನಮಸ್ಕಾರ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಉದ್ದವಾದರೆ ಸಹಿಸಿಕೊಳ್ಳಿ.

ನಾನು ಹೆಚ್ಚಾಗಿ ಆಡುವುದು ಸ್ಟೆಲ್ತ್ ಗೇಮ್‌ಗಳನ್ನು, ಅಂದರೆ ಯಾರಿಗೂ ಕಾಣದಂತೆ ಅಡಗಿ ಆಡುವಂಥವನ್ನು. ಎದುರಿಗೆ ಬಂದವರನ್ನೆಲ್ಲ ಗುಂಡಿಟ್ಟು ಉರುಳಿಸುತ್ತಾ ಹೋಗುವಷ್ಟು ಕೈಚುರುಕು ನನಗಿಲ್ಲ, ಅದರ ಆಸೆಯೂ ಇಲ್ಲ. ನನ್ನ ಬಂಡವಾಳವೆಲ್ಲ ತಾಳ್ಮೆ. ಪೊದೆಯಲ್ಲಿ ಕೂತು ಕಾವಲುಗಾರ ಎತ್ತ ನಡೆಯುತ್ತಾನೆ, ಎಲ್ಲಿ ತಿರುಗುತ್ತಾನೆ, ಎಷ್ಟು ಹೊತ್ತು ಗೋಡೆ ನೋಡಿಕೊಂಡು ನಿಲ್ಲುತ್ತಾನೆ ಎಂದು ಗಮನಿಸಬೇಕು. ಅವನ ಜೊತೆಗಾರ ಆಚೆ ಹೋಗುವವರೆಗೆ ಕಾಯಬೇಕು. ಆಮೇಲೆ ನೆರಳಿನಿಂದ ನೆರಳಿಗೆ ಸರಿದು ಬೆನ್ನ ಹಿಂದೆ ನಿಲ್ಲಬೇಕು. ದುಡಿಮೆ ಎಂದರೆ ಅಷ್ಟೇ. ಕೊನೆಯಲ್ಲಿ ಒತ್ತುವ ಒಂದು ಬಟನ್ ಆ ದುಡಿಮೆಯ ಕೂಲಿ. ಆಟ ಹೇಳಿದ ನಿಯಮವನ್ನೆಲ್ಲ ನಾನು ಪಾಲಿಸಿದ್ದೇನೆ. ಇನ್ನು ಕೂಲಿ ಕೊಡುವುದು ಆಟದ ಸರದಿ. ಅಲ್ಲಿಗೆ ಬಂದಾಗಲೇ ಈ ಆಟಗಳು ಕೈ ಎತ್ತುತ್ತವೆ.

ಅಸ್ಯಾಸಿನ್ಸ್ ಕ್ರೀಡ್ ಸರಣಿಯನ್ನೇ ತೆಗೆದುಕೊಳ್ಳಿ. 2007ರಲ್ಲಿ ಬಂದ ಮೊದಲ ಆಟದ ಕಥೆ ನಡೆಯುವುದು 1191ರಲ್ಲಿ. ಆಲ್ಟಾಯಿರ್ ಎಂಬ ಹಂತಕ ಡಮಾಸ್ಕಸ್, ಏಕರ್, ಜೆರುಸಲೇಮಿನ ಬೀದಿಗಳಲ್ಲಿ ತಲೆ ತಗ್ಗಿಸಿ ಜನರ ನಡುವೆ ನಡೆಯುತ್ತಿದ್ದ. ಮಣಿಕಟ್ಟಿನಲ್ಲಿ ಅಡಗಿಸಿದ ಅಲಗು. ಅದು ಹೊರಬರಲು ಜಾಗವಾಗಲೆಂದು ಉಂಗುರದ ಬೆರಳನ್ನೇ ಕಳೆದುಕೊಂಡಿದ್ದ ಪುಣ್ಯಾತ್ಮ. ಬೆರಳು ಕೊಟ್ಟದ್ದಕ್ಕೂ ಸಾರ್ಥಕವಿತ್ತು. ಯಾರಿಗೂ ಗೊತ್ತಾಗದಂತೆ ಹಿಂದೆ ಹೋಗಿ ನಿಂತು ಬಟನ್ ಒತ್ತಿದರೆ ಸಿಪಾಯಿ ಸದ್ದಿಲ್ಲದೆ ಕುಸಿಯುತ್ತಿದ್ದ. ಆ ಆಟದಲ್ಲಿ ಬೇರೆ ಹುಳುಕು ಬೇಕಾದಷ್ಟಿತ್ತು, ಒಂದೇ ಬಗೆಯ ಪತ್ತೇದಾರಿಕೆಯನ್ನು ಊರಿಂದೂರಿಗೆ ಮಾಡಿಸಿ ಜೀವ ತಿನ್ನುತ್ತಿತ್ತು. ಆದರೆ ಅಲಗು ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ.

ಈಗ 2018ರ ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿಗೆ ಬನ್ನಿ. ಕ್ರಿ.ಪೂ. 431ರ ಗ್ರೀಸ್, ಅಥೆನ್ಸ್ ಮತ್ತು ಸ್ಪಾರ್ಟಾ ಕಾದಾಡುತ್ತಿರುವ ಕಾಲ. ನೋಡಲು ಕಣ್ಣಿಗೆ ಹಬ್ಬ, ಅದನ್ನು ಅಲ್ಲಗಳೆಯುವುದಿಲ್ಲ. ರಾತ್ರಿ ಹೊತ್ತು ಒಂದು ಕೋಟೆಗೆ ನುಗ್ಗಿದ್ದೀರಿ ಎಂದುಕೊಳ್ಳಿ. ಗೋಡೆ ಹತ್ತಿ, ಎಚ್ಚರಿಕೆಯ ಬೆಂಕಿ ಹೊತ್ತಿಸುವ ಕುಂಡವನ್ನು ಮೊದಲು ಕೆಡಿಸಿ, ಸೇನಾನಾಯಕ ಮಲಗುವ ಕೋಣೆಯ ಮೇಲಿನ ತೊಲೆಯ ಮೇಲೆ ಆಟದ ನಾಯಕಿ ಕಸ್ಸಾಂಡ್ರಾ ಕೂತಿದ್ದಾಳೆ. ಕೈಯಲ್ಲಿ ಲಿಯೊನಿಡಾಸ್ ರಾಜನ ಮುರಿದ ಈಟಿ, ಸಾಮಾನ್ಯವಾದದ್ದಲ್ಲ, ದೈವಿಕ ಶಕ್ತಿ ತುಂಬಿದ್ದು. ಬಟನ್ ಒತ್ತಿದಿರಿ. ಅವಳು ಮೇಲಿನಿಂದ ಧುಮುಕಿ ಈಟಿಯನ್ನು ಅವನ ಮೈಯೊಳಗೆ ಪೂರ್ತಿ ಇಳಿಸುತ್ತಾಳೆ, ತಿರುವುತ್ತಾಳೆ, ಎಳೆಯುತ್ತಾಳೆ. ರಕ್ತ ಚಿಮ್ಮುತ್ತದೆ. ಎಷ್ಟು ಜೀವ ಉಳಿದಿದೆಯೆಂದು ತೋರಿಸುವ, ಅವನ ತಲೆಯ ಮೇಲಿರುವ ಹೆಲ್ತ್ ಬಾರ್ ಅರ್ಧಕ್ಕೂ ಇಳಿದಿರುವುದಿಲ್ಲ. ಆಸಾಮಿ ಎದ್ದು ನಿಂತು, ಕತ್ತಿ ಹಿರಿದು, ಇಡೀ ಕೋಟೆಯನ್ನು ಕೂಗಿ ಕರೆಯುತ್ತಾನೆ.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದ ನನ್ನ ಅಕ್ಕ ಗೇಮ್ ಆಡುವವಳಲ್ಲ. ಅವಳೇ ಕೇಳಿದಳು: "ಅಲ್ಲ ಕಣೋ, ಆ ಈಟಿ ಅವನ ಬೆನ್ನಿನಿಂದ ಎದೆಗೆ ಬಂದಿತ್ತಲ್ಲ, ಇನ್ನೂ ಹೇಗೆ ಮಾತಾಡುತ್ತಿದ್ದಾನೆ?" ಏನೆಂದು ಉತ್ತರಿಸಲಿ? ಅವನ ಲೆವೆಲ್, ಅಂದರೆ ಆಟ ಅವನಿಗೆ ಕೊಟ್ಟ ಬಲದ ಅಂಕಿ, ನನಗಿಂತ ಹೆಚ್ಚು ಕಣೇ ಎನ್ನಲೇ? ನಾನು ಹಾಕಿಕೊಂಡ ಬೂಟು ಹಳೆಯದು, ಅದಕ್ಕೇ ಅವನು ಸಾಯಲಿಲ್ಲ ಎನ್ನಲೇ? ತಮಾಷೆಯಲ್ಲ, ನಿಜವಾಗಿಯೂ ಲೆಕ್ಕ ಇರುವುದು ಹಾಗೆಯೇ. ಆ ಆಟದಲ್ಲಿ ಯೋಧ, ಬೇಟೆಗಾರ, ಹಂತಕ ಎಂದು ಮೂರು ಬಗೆಯ ಪೆಟ್ಟುಗಳಿವೆ. ಶಿರಸ್ತ್ರಾಣ, ಕೈಗವಸು, ಸೊಂಟಪಟ್ಟಿ, ಬೂಟುಗಳ ಮೇಲೆ ಬರೆದ ಶೇಕಡಾ ಅಂಕಿಗಳನ್ನು ಕೂಡಿಸಿದರೆ ನಿಮ್ಮ ಹಂತಕ ಪೆಟ್ಟಿನ ಬಲ ಎಷ್ಟೆಂದು ಗೊತ್ತಾಗುತ್ತದೆ. ಪೊದೆಯಲ್ಲಿ ನೀವು ಎಷ್ಟು ಹೊತ್ತು ಕಾದಿರಿ ಎಂಬುದಕ್ಕೆ ಅಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ. ಇಡೀ ದಿನ ಸರದಿಯಲ್ಲಿ ನಿಂತು ಪಡಿತರ ಅಂಗಡಿಯ ಕಿಟಕಿ ಮುಟ್ಟಿದ ಮೇಲೆ "ಬೆರಳಚ್ಚು ತಾಳೆಯಾಗುತ್ತಿಲ್ಲ, ನಾಳೆ ಬನ್ನಿ" ಎಂದು ಕಳಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸರಿ, ಲೆವೆಲ್ ಏರಿಸಿಕೊಂಡೇ ಹೋಗೋಣ ಎಂದರೆ ಅದಕ್ಕೂ ಕಲ್ಲು. ನೀವು ಏರಿದಂತೆ ಊರಿನ ಸೈನಿಕರೂ ನಿಮ್ಮ ಜೊತೆಯಲ್ಲೇ ಏರುತ್ತಾರೆ. ಮೊದಲ ದ್ವೀಪದಲ್ಲಿ ಕುರಿ ಕಾಯುವವನಂತಿದ್ದ ಸಿಪಾಯಿ ಹತ್ತಾರು ಗಂಟೆಗಳ ಬಳಿಕ ನನ್ನಷ್ಟೇ ಗಟ್ಟಿಯಾಗಿರುತ್ತಾನೆ. ಅವನು ಯಾವ ಗರಡಿಗೆ ಹೋಗಿದ್ದ? ಸಾಲದ್ದಕ್ಕೆ, ಲೆವೆಲ್ ಏರಿಸುವ ಅನುಭವದ ಅಂಕಗಳು ಒಂದೂವರೆ ಪಟ್ಟು ಬೇಗ ಸಿಗುವಂತೆ ಮಾಡುವ ಶಾಶ್ವತ ಬೂಸ್ಟ್ ಒಂದನ್ನು ಆಟದೊಳಗಿನ ಅಂಗಡಿಯಲ್ಲೇ ನಿಜವಾದ ಹಣಕ್ಕೆ ಮಾರಾಟಕ್ಕಿಟ್ಟಿದ್ದರು. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟ ಇದು, ನೆನಪಿರಲಿ. ಕತ್ತಿಯನ್ನು ಮೊಂಡು ಮಾಡಿ ಕೊಟ್ಟು, ಸಾಣೆಕಲ್ಲಿಗೆ ಬೇರೆ ದುಡ್ಡು ಕೇಳುವ ವ್ಯಾಪಾರ.

ಕೊಲೆಗೂ ಬ್ಯಾಟರಿ ಬೇಕು ಎಂದವರ ಕಥೆ ಇನ್ನೊಂದು. 2011ರ ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್‌ನಲ್ಲಿ ನಾಯಕ ಆ್ಯಡಮ್ ಜೆನ್ಸನ್‌ಗೆ ಎರಡೂ ಕೈ ಯಂತ್ರದವು, ಗೋಡೆಯನ್ನೇ ಒಡೆದು ಹಾಕಬಲ್ಲ. ಆದರೆ ಹಿಂದಿನಿಂದ ಒಬ್ಬನನ್ನು ಹೊಡೆದು ಬೀಳಿಸಿದರೆ ಒಂದು ಬ್ಯಾಟರಿ ಖಾಲಿ. ತಾನಾಗಿಯೇ ತುಂಬಿಕೊಳ್ಳುವುದು ಒಂದೇ ಒಂದು ಬ್ಯಾಟರಿ, ಅದೂ ನಿಧಾನವಾಗಿ. ಉಳಿದವನ್ನು ತುಂಬಿಸಲು ತಿಂಡಿ ಬಾರ್ ತಿನ್ನಬೇಕು! ಕಾವಲುಗಾರನ ಬೆನ್ನಿಗೆ ಅಂಟಿ ನಿಂತ ಉಕ್ಕಿನ ಮನುಷ್ಯ ಜೇಬಿನಿಂದ ಬಾರ್ ತೆಗೆದು ಅಗಿಯುವುದನ್ನು ಕಲ್ಪಿಸಿಕೊಳ್ಳಿ. ಹೊಡೆಯುವ ಕ್ಷಣದಲ್ಲಿ ಕ್ಯಾಮೆರಾ ಹೊರಗೆ ಹಾರಿ ಸಿನಿಮಾ ತೋರಿಸುತ್ತದೆ, ಉಳಿದ ಲೋಕವೆಲ್ಲ ಅಲ್ಲೇ ಸ್ತಬ್ಧ. ಎರಡು ಹೆಜ್ಜೆ ಆಚೆಗಿದ್ದವನೂ ಮರ್ಯಾದೆಯಿಂದ ಕಾಯುತ್ತಾನೆ. ಆಗ ನಾನು ಇಬ್ಬರ ನಡುವಿನ ಅಂತರವನ್ನು ಲೆಕ್ಕ ಹಾಕಿದ್ದೇಕೆ? ಅಷ್ಟೆಲ್ಲ ಗುಟ್ಟಾಗಿ ಬಂದ ಮೇಲೆ ಕೊನೆಗೆ ಬಾಸ್, ಅಂದರೆ ಮುಖ್ಯ ಶತ್ರುವಿನ ಎದುರು ಬಾಗಿಲು ಹಾಕಿದ ಕೋಣೆಯಲ್ಲಿ ಬಂದೂಕಿನ ಕಾಳಗ, ಅಡಗಿ ದಾಟುವ ದಾರಿಯೇ ಇಲ್ಲ. ಆ ಬಾಸ್ ಕಾಳಗಗಳನ್ನು ಬೇರೆ ಕಂಪನಿಗೆ ಗುತ್ತಿಗೆ ಕೊಟ್ಟು ಮಾಡಿಸಿದ್ದರು. ಬೈಗುಳ ತಿಂದು 2013ರ ಡೈರೆಕ್ಟರ್ಸ್ ಕಟ್ ಎಂಬ ಹೊಸ ಆವೃತ್ತಿಯಲ್ಲಿ ಅವನ್ನು ತಿದ್ದಿದರು, ಇರಲಿ.

ಇನ್ನೊಂದು ಆಟದ ಹೆಸರು ಹೇಳುವುದಿಲ್ಲ, ನೆನೆಸಿಕೊಂಡರೆ ಮೈ ಉರಿಯುತ್ತದೆ. ಅದರಲ್ಲಿ ಚುಚ್ಚುವುದಕ್ಕೂ, ಏನನ್ನಾದರೂ ಎತ್ತಿಕೊಳ್ಳುವುದಕ್ಕೂ, ತಡೆ ಹತ್ತಿ ದಾಟುವುದಕ್ಕೂ ಒಂದೇ ಬಟನ್. ಯಾವುದನ್ನು ಮಾಡಬೇಕೆಂದು ನಿರ್ಧರಿಸುವುದು ಆಟವೇ. ಕಾವಲುಗಾರನ ಬೆನ್ನಿಗೆ ಒಂದು ಮೊಳ ಹಿಂದೆ ಕೂತಿದ್ದೇನೆ. ಪರದೆಯ ಮೇಲೆ ಕೊಲ್ಲುವ ಚಿಹ್ನೆ ಮಿನುಗುತ್ತಿದೆ. ಅವನು ಅರ್ಧ ಹೆಜ್ಜೆ ಎಡಕ್ಕೆ ವಾಲಿದ, ಅದೇ ಕ್ಷಣ ನಾನು ಬಟನ್ ಒತ್ತಿದೆ. ನಮ್ಮ ವೀರಾಗ್ರಣಿ ಪಕ್ಕದಲ್ಲಿದ್ದ ಪೀಪಾಯಿಯ ಮೇಲೆ ಹತ್ತಿ ನೆಟ್ಟಗೆ ನಿಂತ. ಹಿಂದೆ ಪಂಜಿನ ಬೆಳಕು, ಊರಿಗೆಲ್ಲ ಕಾಣುವ ಹಾಗೆ, ಉತ್ಸವಮೂರ್ತಿಯಂತೆ. ಎಲ್ಲರೂ ತಿರುಗಿ ನೋಡಿದರು. ಮಿಷನ್ ವಿಫಲ. ಚೆಕ್‌ಪಾಯಿಂಟ್, ಅಂದರೆ ಸೋತ ಮೇಲೆ ಮತ್ತೆ ಶುರು ಮಾಡಬೇಕಾದ ಜಾಗ, ಎಲ್ಲಿದೆ ಎಂದರೆ ಕೋಟೆಯ ಹೊರಗೆ, ಅದಕ್ಕೂ ಮೊದಲು ದಾಟಿಸಿ ಮುಂದೆ ಹೋಗಲಾಗದ ಒಂದು ಸಂಭಾಷಣೆ. ಅದರಲ್ಲಿ ಒಬ್ಬ ಮುದುಕ ಕುದುರೆಯ ಮೇಲೆ ಕೂತು ಹೇಳುವ ಧರ್ಮೋಪದೇಶ ನನಗೆ ಈಗ ಬಾಯಿಪಾಠ.

ಇಂಥ ಆಟಗಳ ಕಾವಲುಗಾರರ ಬುದ್ಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕೈರಿಮ್ ಎಂಬ ಆಟದಲ್ಲಿ ಮೈಗೆ ಬಾಣ ನಾಟಿಕೊಂಡವನೇ ಸ್ವಲ್ಪ ಹೊತ್ತು ಹುಡುಕಾಡಿ, ಎಲ್ಲ ತನ್ನ ಭ್ರಮೆ ಎಂದುಕೊಂಡು ಮತ್ತೆ ಕಾವಲಿಗೆ ನಿಲ್ಲುತ್ತಾನೆ. ಜಗತ್ತೆಲ್ಲ ನಕ್ಕಾಗಿದೆ. 2015ರ ಮೆಟಲ್ ಗೇರ್ ಸಾಲಿಡ್ 5ರಲ್ಲಿ ನೀವು ತಲೆಗೇ ಗುರಿ ಇಡುತ್ತಾ ಹೋದರೆ ಶತ್ರುಗಳು ಹೆಲ್ಮೆಟ್ ಹಾಕಿಕೊಂಡು ಬರಲು ಶುರು ಮಾಡುತ್ತಾರೆ. ಕಷ್ಟ ಹೆಚ್ಚಿಸಬೇಕೆಂದರೆ ಹಾಗೆ ಹೆಚ್ಚಿಸಿ, ಯಾರು ಬೇಡವೆಂದರು? ತಲೆಯ ಮೇಲೆ ಹೆಲ್ಮೆಟ್ ಕಾಣುತ್ತದೆ, ಗುಂಡು ಏಕೆ ಒಳಗೆ ಹೋಗಲಿಲ್ಲ ಎಂಬುದಕ್ಕೆ ಕಾರಣ ಕಣ್ಣೆದುರಿಗಿದೆ. ಬರಿಮೈಯಲ್ಲಿ ನಿಂತವನು ತಲೆಯ ಮೇಲೊಂದು ಅಂಕಿ ಇದೆಯೆಂದು ಬದುಕಿಕೊಳ್ಳುವುದಕ್ಕೆ ಯಾವ ಕಾರಣ?

ಇಷ್ಟೆಲ್ಲವನ್ನೂ ನುಂಗಿಕೊಂಡೇನು. ನುಂಗಲಾಗದ್ದು ನೀತಿಪಾಠ. 2012ರ ಡಿಸಾನರ್ಡ್ ಬಹಳ ಒಳ್ಳೆಯ ಆಟ, ಅದಕ್ಕೇ ಸಿಟ್ಟು ಹೆಚ್ಚು. ಡನ್‌ವಾಲ್ ಎಂಬ ನಗರ, ಬೀದಿಯಲ್ಲಿ ಇಲಿಗಳಿಂದ ಹರಡುವ ಪ್ಲೇಗ್. ನಾಯಕ ಕೊರ್ವೊನ ಕೈಗೆ ಆಟ ಏನೇನು ಕೊಡುತ್ತದೆ ನೋಡಿ: ಮಡಚುವ ಕತ್ತಿ, ಪಿಸ್ತೂಲು, ಬೆಂಕಿ ಹಚ್ಚುವ ಬಾಣ, ಹತ್ತಿರ ಬಂದವರನ್ನು ತುಂಡರಿಸುವ ಸ್ಪ್ರಿಂಗ್ ಬಲೆ, ಹಿಂಡುಗಟ್ಟಲೆ ಇಲಿಗಳನ್ನು ಕರೆದು ಮೈಮೇಲೆ ಬಿಡುವ ಮಾಟ. ಕೊಲ್ಲದೆ ಮುಗಿಸುವವರಿಗೆ? ಕುತ್ತಿಗೆ ಅದುಮಿ ಪ್ರಜ್ಞೆ ತಪ್ಪಿಸುವುದು, ನಿದ್ದೆ ಬರಿಸುವ ಬಾಣ, ಹೆಚ್ಚುಕಡಿಮೆ ಅಷ್ಟೇ. ಇಷ್ಟೊಂದು ಆಯುಧಗಳನ್ನು ಮುಂದೆ ಹರಡಿಟ್ಟು, ನೀವು ಅವನ್ನು ಬಳಸಿದರೆ ಇಲಿಗಳು ಹೆಚ್ಚುತ್ತವೆ, ರೋಗಿಗಳು ಹೆಚ್ಚುತ್ತಾರೆ, ಕೊನೆಯೂ ಕರಾಳವಾಗುತ್ತದೆ. ಪ್ರತಿಸಲ ನಿಮ್ಮನ್ನು ದಡ ಮುಟ್ಟಿಸುವ ದೋಣಿಗಾರ ಸ್ಯಾಮ್ಯುಯೆಲ್ ಕೊನೆಯ ಮಿಷನ್‌ನಲ್ಲಿ ಅಸಹ್ಯಪಟ್ಟುಕೊಂಡು ಪಿಸ್ತೂಲು ಹಾರಿಸಿ ಶತ್ರುಗಳಿಗೆ ಸುಳಿವು ಕೊಟ್ಟುಬಿಡುತ್ತಾನೆ. ಅಲ್ಲಯ್ಯಾ, ಇಷ್ಟು ದಿನ ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೇನೆ ಎಂದುಕೊಂಡಿದ್ದೆ, ಮೀನು ಹಿಡಿಯುವುದಕ್ಕೋ?

ಅದೂ ಹೋಗಲಿ, ಕೊಲ್ಲದವನ ಪುಣ್ಯದ ಲೆಕ್ಕವನ್ನು ನೋಡಿ. ಒಂದು ಮಿಷನ್‌ನ ಗುರಿಯಾದ ಪೆಂಡಲ್ಟನ್ ಅವಳಿಗಳನ್ನು ಕೊಲ್ಲುವುದು ಬೇಡ ಎಂದರೆ, ಅವರ ತಲೆ ಬೋಳಿಸಿ, ನಾಲಿಗೆ ಕತ್ತರಿಸಿ, ಅವರದೇ ಗಣಿಗೆ ಕೂಲಿಗಳಾಗಿ ಕಳಿಸುವ ಏರ್ಪಾಡು. ಬಾಯ್ಲ್ ಮನೆತನದ ಮುಖವಾಡದ ಔತಣದಲ್ಲಿ ಗುರಿಯಾಗಿರುವ ಹೆಂಗಸನ್ನು ಕೊಲ್ಲುವುದು ಬೇಡ ಎಂದರೆ, ಬ್ರಿಸ್ಬಿ ಎಂಬ ಪ್ರಭು ನೆಲಮಾಳಿಗೆಯಲ್ಲಿ ದೋಣಿಯೊಂದಿಗೆ ಕಾಯುತ್ತಿರುತ್ತಾನೆ. ಅವಳನ್ನು ಪ್ರೀತಿಸುತ್ತೇನೆ ಎನ್ನುತ್ತಾನೆ. ಪ್ರಜ್ಞೆ ತಪ್ಪಿದ ಅವಳನ್ನು ಹೆಗಲ ಮೇಲೆ ಹೊತ್ತು ತಂದು ಅವನ ದೋಣಿಯಲ್ಲಿ ಮಲಗಿಸಬೇಕು. ಅವನು ಅವಳನ್ನು ಯಾರಿಗೂ ಸಿಗದ ಜಾಗಕ್ಕೆ ಒಯ್ಯುತ್ತಾನೆ, ಎಂದೆಂದಿಗೂ. ಇದನ್ನು ಮಾಡಿದರೆ ಮಿಷನ್ ಮುಗಿದಾಗ ಅಂಕಪಟ್ಟಿಯಲ್ಲಿ ರಕ್ತದ ಕಲೆಯಿಲ್ಲ. ಹೀಗೆಯೇ ಪೂರ್ತಿ ಆಟ ಮುಗಿಸಿದರೆ ನಿಮ್ಮ ಕೈ ಶುದ್ಧವೆಂದು ಸಾರುವ ಟ್ರೋಫಿಯೂ ಉಂಟು. ಒಬ್ಬ ಸಿಪಾಯಿಯ ಕತ್ತು ಕೊಯ್ದದ್ದಕ್ಕೆ ಮುಖ ತಿರುಗಿಸುವ ಆಟ ಆ ದೋಣಿಯ ಹತ್ತಿರ ಬಂದು ಬೆನ್ನು ತಟ್ಟುತ್ತದೆ. ನನಗೆ ಟಿವಿಯನ್ನೇ ಎತ್ತಿ ಬಿಸಾಡಬೇಕೆನಿಸಿತ್ತು.

ಹಿಂಸೆಯನ್ನು ಮುಂದಿಟ್ಟು ಮಾತಾಡಲು ಬರುವುದಿಲ್ಲವೇ? ಬರುತ್ತದೆ. 1998ರ ಥೀಫ್‌ನಲ್ಲಿ ಎಕ್ಸ್‌ಪರ್ಟ್ ಮಟ್ಟ ಆರಿಸಿಕೊಂಡರೆ ಯಾರನ್ನೂ ಕೊಲ್ಲಬಾರದೆಂಬ ಷರತ್ತನ್ನು ಮಿಷನ್ನಿಗೆ ಮುಂಚೆಯೇ ಬರೆದು ತೋರಿಸುತ್ತಾರೆ. ನೀನು ಕಳ್ಳ, ಕೊಲೆಗಾರನಲ್ಲ; ಒಪ್ಪಿಗೆಯಿದ್ದರೆ ಒಳಗೆ ಬಾ. 2004ರ ಮೆಟಲ್ ಗೇರ್ ಸಾಲಿಡ್ 3ರಲ್ಲಿ ಹಿಂದಿನಿಂದ ಹಿಡಿದವನನ್ನು ಬಟನ್ ಮೆಲ್ಲಗೆ ಒತ್ತಿದರೆ ಹಿಡಿದಿಟ್ಟುಕೊಳ್ಳಬಹುದು, ಬಲವಾಗಿ ಒತ್ತಿದರೆ ಕತ್ತು ಸೀಳಿಹೋಗುತ್ತದೆ. ಪ್ಲೇಸ್ಟೇಷನ್ 2ರ ಬಟನ್‌ಗಳು ಒತ್ತಡವನ್ನು ಗ್ರಹಿಸುತ್ತಿದ್ದವು. ಮುಂದೆ ಒಂದು ನದಿಯಲ್ಲಿ ನಡೆಯಬೇಕು, ನೀವು ಅಲ್ಲಿಯವರೆಗೆ ಕೊಂದವರೆಲ್ಲ ಎದುರಿನಿಂದ ಬರುತ್ತಾರೆ. ಹೆಚ್ಚು ಕೊಂದಿದ್ದರೆ ನದಿ ಮುಗಿಯುವುದೇ ಇಲ್ಲ ಎನಿಸುತ್ತದೆ. ಉಪದೇಶ ಮಾಡುವ ದೋಣಿಗಾರನ ಅಗತ್ಯವೇ ಬೀಳಲಿಲ್ಲ.

2003ರ ಮ್ಯಾನ್‌ಹಂಟ್ ಕೂಡ, ನ್ಯೂಜಿಲೆಂಡ್ ನಿಷೇಧಿಸಿದ ಆ ಹೇಸಿಗೆಯ ಆಟ, ಈ ವಿಷಯದಲ್ಲಿ ಮೇಲು. ಬಟನ್ ಹೆಚ್ಚು ಹೊತ್ತು ಒತ್ತಿ ಹಿಡಿದಷ್ಟೂ ಕೊಲೆ ಹೆಚ್ಚು ಭೀಕರ. ಹಿಡಿದು ನಿಂತಷ್ಟು ಹೊತ್ತು ಸಿಕ್ಕಿಬೀಳುವ ಅಪಾಯವೂ ನಿಮ್ಮದೇ. ತಾನು ಏನೆಂಬುದನ್ನು ಅದು ಮುಚ್ಚಿಡುವುದಿಲ್ಲ. ಅದಕ್ಕೆ ಹೆಡ್‌ಸೆಟ್ ಸಿಕ್ಕಿಸಿಕೊಂಡರೆ ನಿಮ್ಮ ನಿಜವಾದ ದನಿಯನ್ನೂ ಶತ್ರುಗಳು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಾಗಿದ್ದರೆ ಕುಕ್ಕರ್ ಮೂರನೇ ಸೀಟಿ ಹಾಕುವ ಹೊತ್ತಿಗೆ ನನ್ನ ಕಥೆ ಮುಗಿದಿರುತ್ತಿತ್ತು.

ಮತ್ತೆ ಅಸ್ಯಾಸಿನ್ಸ್ ಕ್ರೀಡ್ ಎಂಬ ಆ ಹಂತಕರ ಸರಣಿಗೆ ಬರುತ್ತೇನೆ, ಏಕೆಂದರೆ ಅವರು ಹುಡುಕಿಕೊಂಡ ಪರಿಹಾರವನ್ನು ಹೇಳದೆ ಇದು ಮುಗಿಯುವುದಿಲ್ಲ. ಆಟಗಾರರು ಗಲಾಟೆ ಮಾಡಿದರು. ಸರಿ, 2020ರ ವಲ್ಹಾಲಾದಲ್ಲಿ ಸೆಟ್ಟಿಂಗ್ಸ್‌ನೊಳಗೆ ಒಂದು ಆಯ್ಕೆ ಸೇರಿಸಿದರು: ಗುಟ್ಟಾಗಿ ಚುಚ್ಚಿದರೆ ಖಚಿತವಾಗಿ ಸಾಯುವಂತೆ ಮಾಡುವ ಆಯ್ಕೆ. 2025ರ ಶ್ಯಾಡೋಸ್‌ನಲ್ಲೂ ಅದೇ ಇದೆ. ಬೆರಳು ಕಡಿದುಕೊಂಡವರ ವಂಶದ ಕಥೆ, ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಹಂತಕ ಎಂಬ ಹೆಸರು. ಅವನ ಅಲಗು ಕೊಲ್ಲಬೇಕೋ ಬೇಡವೋ ಎಂಬುದು ಮಾತ್ರ ಕ್ಯಾಮೆರಾದ ವೇಗ, ಕಂಟ್ರೋಲರ್‌ನ ಕಂಪನಗಳಂಥ ಹತ್ತಾರು ಸಾಲುಗಳ ನಡುವೆ ಎಲ್ಲೋ ಹುದುಗಿರುವ ಒಂದು ಸಾಲು. ಅದನ್ನು ಹುಡುಕಿ ತೆಗೆಯುವುದು ನನ್ನ ಕೆಲಸ. ನೀವು ಅದನ್ನು ಮುಟ್ಟದಿದ್ದರೆ ಆಟ ಶುರುವಾಗುವುದು ಅದು ಆಫ್ ಆಗಿಯೇ.