ಹಳಿಯಿಲ್ಲದ ಊರಿನಲ್ಲಿ ರೈಲು ಯಾತ್ರೆ

ಅಮೆರಿಕದ ಫ್ಲಾರಿಡಾ ರಾಜ್ಯದ ತುದಿಗೆ ಜೋತುಬಿದ್ದಿರುವ ಕೀ ವೆಸ್ಟ್ ದ್ವೀಪದಲ್ಲಿ 1958ರಿಂದಲೂ ‘ಕಾಂಕ್ ಟೂರ್ ಟ್ರೈನ್’ (ಕಾಂಕ್ ಎಂದರೆ ಸಮುದ್ರದ ಶಂಖ, ಈ ದ್ವೀಪದವರ ಅಡ್ಡಹೆಸರೂ ಹೌದು) ಪ್ರವಾಸಿಗರಿಗೆ ಊರು ತೋರಿಸುತ್ತಿದೆ. ಈ ರೈಲಿಗೆ ಹಳಿಯೊಂದನ್ನು ಬಿಟ್ಟರೆ ಬೇರೆ ಯಾವ ಕೊರತೆಯೂ ಇಲ್ಲ. ಉಗಿಬಂಡಿಯ ವೇಷ ತೊಟ್ಟ ಮೋಟಾರು ವಾಹನವೊಂದು ಪಕ್ಕ ತೆರೆದ ಹಳದಿ ಗಾಡಿಗಳನ್ನು ಎಳೆದುಕೊಂಡು, ರಬ್ಬರ್ ಟೈರುಗಳ ಮೇಲೆ, ಕಾರು ಸೈಕಲ್ಲುಗಳ ನಡುವೆ ನುಸುಳುತ್ತಾ, ಅಡ್ಡಬಂದ ಕೋಳಿಗಳಿಗೆ ದಾರಿ ಬಿಡುತ್ತಾ ಸಾಗುತ್ತದೆ. ಚಾಲಕನೇ ಮೈಕು ಹಿಡಿದು ಇತಿಹಾಸವನ್ನೂ ಹೇಳುತ್ತಾನೆ.

ಆ ಇತಿಹಾಸದಲ್ಲಿ ನಿಜವಾದ ರೈಲೂ ಒಂದು ಬರುತ್ತದೆ. ಹೆನ್ರಿ ಫ್ಲಾಗ್ಲರ್ ಎಂಬ ಕೋಟ್ಯಧಿಪತಿ, ಜನ ಹುಚ್ಚೆಂದು ನಗುತ್ತಿದ್ದರೂ ಕೇಳದೆ, ದ್ವೀಪದಿಂದ ದ್ವೀಪಕ್ಕೆ ಸೇತುವೆ ಕಟ್ಟಿಸಿ, 1912ರ ಜನವರಿಯಲ್ಲಿ ತನ್ನ 82ನೆಯ ವಯಸ್ಸಿನಲ್ಲಿ ಸಮುದ್ರದ ಮೇಲೆಯೇ ರೈಲಿನಲ್ಲಿ ಇಲ್ಲಿಗೆ ಬಂದಿಳಿದ. 1935ರ ಚಂಡಮಾರುತ ಆ ಮಾರ್ಗವನ್ನು ಮೈಲುಗಟ್ಟಲೆ ಕೊಚ್ಚಿಹಾಕಿದ ಮೇಲೆ ಅದನ್ನು ರಿಪೇರಿ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಉಳಿದ ಸೇತುವೆಗಳ ಮೇಲೆ ಹೆದ್ದಾರಿ ಬಂತು. ರೈಲು ಇದ್ದಾಗ ಅದರ ಕಂಪನಿ ದಿವಾಳಿಯಾಯಿತು. ರೈಲು ಹೋದ ಮೇಲೆ ಅದರ ವೇಷಕ್ಕೆ ಟಿಕೆಟ್ ಕೊಳ್ಳುವವರಿಗೆ ಬರವಿಲ್ಲ. ಫ್ಲಾಗ್ಲರ್ ಸೇತುವೆಗೆ ಸುರಿದ ಹಣದಲ್ಲಿ ನಾಲ್ಕು ಡಬ್ಬ ಬಣ್ಣ ಕೊಂಡಿದ್ದರೆ ಸಾಕಾಗುತ್ತಿತ್ತೇನೋ.

ಲೇಖಕ ಹೆಮಿಂಗ್ವೇ 1930ರ ದಶಕದಲ್ಲಿ ಬಾಳಿದ ಮನೆಯೂ ಇಲ್ಲಿದೆ. ಅಲ್ಲಿಗೆ ಹೋದವರು ನೊಬೆಲ್ ಪುರಸ್ಕೃತನ ಬರಹದ ಕೋಣೆಯನ್ನು ಇಣುಕಿ ನೋಡಿ, ಉಳಿದ ಸಮಯವನ್ನು ಆರು ಬೆರಳಿಗೆ ಹೆಸರಾದ ಆ ಮನೆಯ ಬೆಕ್ಕುಗಳ ಪಾದಕ್ಕೆ ನಿಜಕ್ಕೂ ಆರು ಬೆರಳಿವೆಯೇ ಎಂದು ಎಣಿಸುವ ಸಂಶೋಧನೆಗೆ ಮೀಸಲಿಡುತ್ತಾರೆ.

ಆದರೆ ಊರಿನ ಪರಮಕ್ಷೇತ್ರವೆಂದರೆ ವೈಟ್‌ಹೆಡ್ ಬೀದಿಯ ಕೊನೆಯಲ್ಲಿರುವ ಕಾಂಕ್ರೀಟಿನ ಬಣ್ಣದ ಕಂಬ. ಹಡಗುಗಳಿಗೆ ದಾರಿ ತೋರಲು ನೀರಿನಲ್ಲಿ ತೇಲಿಬಿಡುವ ಬೋಯ್‌ನಂತೆ ಕಾಣುವ, ಆದರೆ ನೆಲಕ್ಕೆ ಭದ್ರವಾಗಿ ಕಚ್ಚಿಕೊಂಡ ಈ ಕಂಬದ ಮೇಲೆ ಇದು ಅಮೆರಿಕ ದೇಶದ ಮುಖ್ಯ ಭೂಭಾಗದ ದಕ್ಷಿಣ ತುದಿಯೆಂದೂ ಕ್ಯೂಬಾಕ್ಕೆ 90 ಮೈಲಿಯೆಂದೂ ಬರೆದಿದೆ. ಮೊದಲು ಇಲ್ಲಿದ್ದ ಫಲಕವನ್ನು ಕಳ್ಳರು ಮತ್ತೆಮತ್ತೆ ಹೊತ್ತೊಯ್ದದ್ದರಿಂದ, 1983ರಲ್ಲಿ ನಗರಾಡಳಿತವು ಯಾರೂ ಎತ್ತಲಾಗದಂಥ ಸತ್ಯವನ್ನೇ ಎರಕ ಹೊಯ್ಯಿಸಿತು. ಭೂಗೋಳ ಮಾತ್ರ ಇದಕ್ಕೆ ಸಹಿ ಹಾಕಿಲ್ಲ: ಇದೇ ದ್ವೀಪದಲ್ಲಿ ಇನ್ನೂ ದಕ್ಷಿಣಕ್ಕೆ ಚಾಚಿದ ನೆಲವಿದೆ, ಅದು ನೌಕಾಪಡೆಯ ವಶದಲ್ಲಿರುವುದರಿಂದ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಹೀಗಾಗಿ ಜನ ಬಿಸಿಲಿನಲ್ಲಿ ಬೆವರು ಸುರಿಸುತ್ತಾ ಸರದಿಯಲ್ಲಿ ನಿಂತು, ತುದಿಯಲ್ಲದ ತುದಿಯನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗೆ ಬಿಡದ ಸತ್ಯಕ್ಕಿಂತ ಹೆಗಲ ಮೇಲೆ ಕೈಹಾಕಲು ಬಿಡುವ ಸುಳ್ಳೇ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ.

ಈ ಊರು ಒಮ್ಮೆ ದೇಶವೂ ಆಗಿತ್ತು. 1982ರ ಏಪ್ರಿಲ್‌ನಲ್ಲಿ ಗಡಿ ಪಹರೆಯವರು ಹೆದ್ದಾರಿಗೆ ಅಡ್ಡಗಟ್ಟಿ, ದ್ವೀಪಗಳಿಂದ ಹೊರಟ ತಮ್ಮದೇ ನಾಗರಿಕರನ್ನು ವಿದೇಶಿಯರಂತೆ ತಪಾಸಣೆ ಮಾಡಿದಾಗ, ಮೇಯರ್ ಡೆನ್ನಿಸ್ ವಾರ್ಡ್‌ಲೋ ಕಾಂಕ್ ಗಣರಾಜ್ಯವನ್ನು ಘೋಷಿಸಿ, ಅಮೆರಿಕದ ಮೇಲೆ ಯುದ್ಧ ಸಾರಿ, ಒಂದೇ ನಿಮಿಷದಲ್ಲಿ ಶರಣಾಗಿ, ನೂರು ಕೋಟಿ ಡಾಲರ್ ನೆರವು ಕೇಳಿದರು. ಇಡೀ ಪ್ರಕರಣದಲ್ಲಿ ನಗೆಪಾಟಲಾದದ್ದು ಸ್ವದೇಶದ ನಡುವೆ ಗಡಿ ಹುಡುಕಿದ ಸರ್ಕಾರವೇ ಹೊರತು ಮೇಯರ್ ಅಲ್ಲ. ನೆರವಿನ ಹಣ ಬರಲಿಲ್ಲ. ಗಣರಾಜ್ಯದ ಪಾಸ್‌ಪೋರ್ಟ್ ಮಾತ್ರ ಈಗಲೂ ಮಾರಾಟಕ್ಕಿದೆ. ಅದನ್ನು ಹೆಮ್ಮೆಯಿಂದ ಕೊಂಡವರು ಮರಳುವಾಗ ವಿಮಾನ ನಿಲ್ದಾಣದಲ್ಲಿ ಅದನ್ನು ಚೀಲದ ತಳಕ್ಕೆ ಸೇರಿಸಿ, ಅಮೆರಿಕದ ಗುರುತಿನ ಚೀಟಿಯನ್ನು ಹೊರತೆಗೆಯುತ್ತಾರೆ.