ಹನಲೇಗೆ ಬಂದು "ಇಷ್ಟೇ ಏನು?" ಎನ್ನುವವರಿಗೆ

ನಿನ್ನೆ ಸಂಜೆಯಿಂದ ತಲೆ ಕಾದಿದೆ. ಬರೆದರೆ ತಣ್ಣಗಾಗಬಹುದು ಎಂದು ಕುಳಿತಿದ್ದೇನೆ. ಉದ್ದವಾಗಲಿದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಹೇಗೂ ಅದನ್ನೇ ಮಾಡುತ್ತೀರಿ.

ಹನಲೇ ಬಗ್ಗೆ ನನಗಿರುವ ಹುಚ್ಚು ನಿಮಗೆ ಹೊಸದಲ್ಲ. ಹವಾಯಿಯ ಕವಾಯಿ ದ್ವೀಪದ ಉತ್ತರ ದಂಡೆಯಲ್ಲಿ ಐನೂರು ಜನರೂ ಇಲ್ಲದ ಊರು. ಕ್ಯಾಲಿಫೋರ್ನಿಯಾದಿಂದ ರಜೆ ಸಿಕ್ಕಾಗಲೆಲ್ಲ ಅಲ್ಲಿಗೇ ಓಡುತ್ತಾನೆ ಎಂದು ಗೇಲಿ ಮಾಡುವವರೇ ನೀವು. ಈ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಬಂದ ಭಾವಮೈದುನನ ಸಂಸಾರವೂ ಜೊತೆಗಿದೆ. ಅವನು ಇದನ್ನು ಓದುತ್ತಾನೆ. ಓದಲಿ.

ಊರಿಗೆ ಇಳಿಯುವ ಮೊದಲು ಗುಡ್ಡದ ಮೇಲೆ ಕಣಿವೆ ನೋಡುವ ಕಟ್ಟೆಯಿದೆ. ಕೆಳಗೆ ನದಿ ಬಳಸಿಕೊಂಡು ಹೋಗುತ್ತದೆ, ಅದರ ಬದಿಗೆ ನೀರು ನಿಂತ ಚೌಕ ಚೌಕ ಗದ್ದೆಗಳು, ಹಿಂದೆ ಮೋಡ ಹೊತ್ತ ಬೆಟ್ಟ, ಮಳೆ ಬಂದಿದ್ದರಿಂದ ಬೆಟ್ಟದ ಮೈತುಂಬ ಝರಿಗಳು. ನಮ್ಮ ಭಾವಮೈದುನ ಇಷ್ಟಕ್ಕೂ ಬೆನ್ನು ಹಾಕಿ ನಿಂತು ತನ್ನ ಮುಖದ ನಾಲ್ಕು ಫೋಟೊ ತೆಗೆದುಕೊಂಡ. ಆಮೇಲೆ ಕೇಳಿದ: "ಭಾವ, ಭತ್ತದ ಗದ್ದೆ ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ನೋಡುವುದಕ್ಕೆ ಇರುವುದು ಇಷ್ಟೇ ಏನು?"

ಅದು ಭತ್ತವಲ್ಲ ಮಾರಾಯ, ಕೆಸು.

ನಿನ್ನ ಅಜ್ಜಿ ಕಾರ್ಕಳದ ಮನೆಯಲ್ಲಿ ಆಟಿ ತಿಂಗಳಲ್ಲಿ ಪತ್ರೊಡೆ ಮಾಡುತ್ತಿದ್ದರಲ್ಲ, ಅದೇ ಕೆಸು. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲೂ ಅದೇ ಗಿಡ, ಕೊಲೊಕೇಸಿಯ ಎಸ್ಕುಲೆಂಟಾ. ಹವಾಯಿಯವರು ಕಲೋ ಎನ್ನುತ್ತಾರೆ. ಪಾಲಿನೇಷ್ಯದ ಜನ ದೋಣಿಗಳಲ್ಲಿ ಸಾವಿರಾರು ಮೈಲಿ ಸಮುದ್ರ ದಾಟಿ ಈ ದ್ವೀಪಗಳಿಗೆ ಬಂದಾಗ ಜೊತೆಯಲ್ಲಿ ತಂದ ಬೆಳೆಗಳಲ್ಲಿ ಇದೇ ಮುಖ್ಯವಾದದ್ದು. ಅದೇ ದೋಣಿಗಳಲ್ಲಿ ತೆಂಗು, ಬಾಳೆ, ಕಬ್ಬು, ಅರಿಸಿನ, ಜೀಗುಜ್ಜೆಯೂ ಬಂದವು. ಉಡುಪಿ ಕಡೆಯ ಯಾವ ಹಿತ್ತಿಲಿಗೆ ಹೋದರೂ ಸಿಗುವ ಪಟ್ಟಿಯಿದು! ಇದನ್ನು ಕಂಡು ರೋಮಾಂಚನವಾಗದಿದ್ದರೆ ಬೇಡ, ಕೊನೆಗೆ ಅದರತ್ತ ಮುಖ ಮಾಡಿಯಾದರೂ ನಿಲ್ಲಬಹುದಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಅವನು ನೂರು ವರ್ಷ ಮೊದಲು ಬಂದಿದ್ದರೆ ಅವನ ಮಾತು ಸರಿಯಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚೀನಾದಿಂದ ಬಂದವರು ಈ ಕಣಿವೆಯಲ್ಲಿ ಭತ್ತ ಬೆಳೆದರು, ಆಮೇಲೆ ಜಪಾನಿನವರು. ಕಣಿವೆಯ ಹರಗುಚಿ ಅಕ್ಕಿ ಗಿರಣಿ ನಿಂತದ್ದು 1960ರಲ್ಲಿ. ಈಗ ಊರಿಗೆ ಬಂದವರೆಲ್ಲ ಫೋಟೊ ತೆಗೆಸಿಕೊಳ್ಳುವ ಹನಲೇ ಹಡಗುಕಟ್ಟೆಯಿಂದಲೇ ಅಕ್ಕಿ ಹಡಗು ಹತ್ತುತ್ತಿತ್ತು. ಆದರೆ ಅವನು ಇತಿಹಾಸ ತಿಳಿದು ಆ ಮಾತು ಹೇಳಿದವನಲ್ಲ, ಹಸಿರು ಕಂಡದ್ದೆಲ್ಲ ಭತ್ತ ಎನ್ನುವ ಜಯನಗರದ ಸಸ್ಯಶಾಸ್ತ್ರ ಅದು.

ಗುಡ್ಡ ಇಳಿದರೆ 1912ರ ಕಬ್ಬಿಣದ ಸೇತುವೆ. ಒಂದೇ ವಾಹನದ ಅಗಲ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಒಂದು ಕಡೆಯಿಂದ ಐದರಿಂದ ಏಳು ಕಾರು ದಾಟಬೇಕು, ಮುಂದಿನವನು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಊರಿನವರ ಮರ್ಯಾದೆ ಅದು, ಬೋರ್ಡೂ ಇದೆ. ಭಾರಿ ಬಸ್ಸುಗಳು ದಾಟುವಂತಿಲ್ಲ. ಹಿಂದಿನ ಸೀಟಿನಿಂದ "ನುಗ್ಗಿಸಿ ಭಾವ, ಅವರು ನಿಲ್ಲುತ್ತಾರೆ" ಎಂಬ ಸಲಹೆ ಬಂತು. ಬೆಂಗಳೂರಿನ ರಸ್ತೆಗಳಲ್ಲಿ ಪಡೆದ ಪದವಿ, ಇಲ್ಲಿ ಅದಕ್ಕೆ ಮಾನ್ಯತೆಯಿಲ್ಲ.

ಸೇತುವೆ ದಾಟಿದ ಕೂಡಲೇ ಎಡಕ್ಕೆ ಓಹಿಕಿ ರಸ್ತೆ. ಗದ್ದೆಗಳ ಪಕ್ಕದಲ್ಲೇ ಸಾಗುತ್ತದೆ. ಒಬ್ಬ ರೈತ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಗಿಡ ಕೀಳುತ್ತಿದ್ದ. ಕಿತ್ತು, ನೀರಿನಲ್ಲಿ ಅಲುಬಿ, ಗಡ್ಡೆಯನ್ನು ಕತ್ತರಿಸಿದ. ತುದಿಯಲ್ಲಿ ಬೆರಳಿನ ದಪ್ಪ ಗಡ್ಡೆ ಮಾತ್ರ ಉಳಿಸಿ, ಎಲೆ ಸವರಿ, ದಂಟನ್ನು ಬದಿಗೆ ಪೇರಿಸಿದ. ಆ ದಂಟೇ ಮುಂದಿನ ಬೆಳೆ. ಬೀಜ ಕೊಳ್ಳುವ ಮಾತಿಲ್ಲ. ಅದೇ ಗಿಡ ತಲೆಮಾರುಗಳಿಂದ ಮತ್ತೆ ಮತ್ತೆ ನೆಲಕ್ಕೆ ಹೋಗುತ್ತ ಬಂದಿದೆ. ಗದ್ದೆಯ ನೀರೂ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ. ಹೊಳೆಯಿಂದ ಕಾಲುವೆಯಲ್ಲಿ ಬಂದು, ಗದ್ದೆಯಿಂದ ಗದ್ದೆಗೆ ಇಳಿದು, ಹೊಳೆಗೇ ಮರಳುತ್ತದೆ. ನೀರು ನಿಂತು ಬಿಸಿಯಾದರೆ ಗಡ್ಡೆ ಕೊಳೆಯುತ್ತದೆ.

ಬದುವಿನ ಮೇಲೆ ಒಂದು ಜೋಡಿ ನೇನೇ ಹೆಬ್ಬಾತುಗಳು ತಮ್ಮದೇ ಜಮೀನು ಎನ್ನುವಂತೆ ಓಡಾಡುತ್ತಿದ್ದವು. ಒಂದು ಲೆಕ್ಕದಲ್ಲಿ ಅವುಗಳದೇ. 1972ರಿಂದ ಈ ಕಣಿವೆಯ 917 ಎಕರೆ ಸಂರಕ್ಷಿತ ಪಕ್ಷಿಧಾಮ, ರೈತರು ಅದರೊಳಗೇ ಕೆಸು ಬೆಳೆಯುತ್ತಾರೆ. ಕೆಸುವಿಗೆ ಹಾಯಿಸಿದ ನೀರಿನಲ್ಲೇ ಕೆಂಪು ಹಣೆಯ ನೀರುಕೋಳಿ, ಮೆಟ್ಟುಗಾಲು ಹಕ್ಕಿಗಳು ಬದುಕುತ್ತವೆ. ಕಳೆದ ಶತಮಾನದ ನಡುವೆ ಜಗತ್ತಿನಲ್ಲೇ ಸುಮಾರು ಮೂವತ್ತಕ್ಕೆ ಇಳಿದಿದ್ದ ಹೆಬ್ಬಾತು ಇದು. ಕವಾಯಿಯಲ್ಲಿ ಚೇತರಿಸಿಕೊಳ್ಳಲು ಒಂದು ಕಾರಣ, ಇಲ್ಲಿ ಮುಂಗುಸಿ ನೆಲೆಯೂರಲಿಲ್ಲ. ಕಬ್ಬಿನ ತೋಟದ ಇಲಿ ಹಿಡಿಯಲೆಂದು ಕಲ್ಕತ್ತೆಯಿಂದ ಜಮೈಕಾಕ್ಕೆ, ಜಮೈಕಾದಿಂದ 1883ರಲ್ಲಿ ಹವಾಯಿಗೆ ತಂದು ಬಿಟ್ಟ ಮುಂಗುಸಿ ಬೇರೆ ದ್ವೀಪಗಳಲ್ಲಿ ಹಕ್ಕಿಗಳ ಮೊಟ್ಟೆ ತಿಂದು ಕೊಬ್ಬಿತು. ನಮ್ಮವರು ಹೋದಲ್ಲೆಲ್ಲ ಹೀಗೆಯೇ ಎಂದು ನಾನಂತೂ ಹೇಳುವುದಿಲ್ಲ.

ಇಷ್ಟನ್ನೂ ತೋರಿಸಿದ ಮೇಲೆ ಬಂದ ಪ್ರಶ್ನೆ: "ಭಾವ, ಬೀಚ್ ಎಲ್ಲಿ?"

ಇದೆಯಪ್ಪ, ಬೀಚೂ ಇದೆ. ಎರಡು ಮೈಲಿಯಷ್ಟು ಉದ್ದಕ್ಕೆ ಬಾಗಿದ ಕೊಲ್ಲಿ. ಬೇಸಿಗೆಯಲ್ಲಿ ಕೆರೆಯಂತಿರುವ ನೀರು ಚಳಿಗಾಲದಲ್ಲಿ ಮನೆಯೆತ್ತರ ಏಳುತ್ತದೆ, ಈಗ ಇಳಿಯಬಾರದು. ಹಸಿರು ಬಣ್ಣದ ಮರದ ಚರ್ಚಿದೆ, ಅದರ ಹಿಂದೆ 1837ರ ಮಿಷನರಿ ಮನೆಯಿದೆ. ಚೆನ್ನಾಗಿವೆ, ನೋಡಿ. ಮುಂದೆ ಹೋದರೆ ಹಾಎನಾ ಉದ್ಯಾನ. 2018ರ ಏಪ್ರಿಲಿನಲ್ಲಿ ಪಕ್ಕದ ವೈಪಾದಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 1,262 ಮಿಲಿಮೀಟರ್ ಮಳೆ ಸುರಿಯಿತು, ಅಮೆರಿಕದಲ್ಲೇ ದಾಖಲೆ. ರಸ್ತೆ ಕುಸಿದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಮತ್ತೆ ತೆರೆದಾಗ ದಿನಕ್ಕೆ 900 ಪ್ರವಾಸಿಗರು ಮಾತ್ರ, ಹೊರಗಿನವರು ಮೊದಲೇ ಕಾದಿರಿಸಬೇಕು ಎಂದು ನಿಯಮ ಮಾಡಿದರು. ಜಾಗ ಸಿಗಲಿಲ್ಲ ಎಂದು ಮೊಬೈಲ್ ತೋರಿಸಿದೆ. "ಯಾರಿಗಾದರೂ ಹೇಳಿಸಿದರೆ ಆಗುವುದಿಲ್ಲವೇ?" ಎಂದ. ಯಾರಿಗೆ ಹೇಳಿಸಲಿ? ಪೆಸಿಫಿಕ್ ಸಾಗರಕ್ಕೆ?

ನನ್ನ ಹೆಂಡತಿಯ ವಾದ ಬೇರೆ. ಅಷ್ಟು ದುಡ್ಡು ಸುರಿದು, ಎರಡು ವಿಮಾನ ಬದಲಿಸಿ ಬಂದವರು ಸಮುದ್ರ ನೋಡಬೇಕೇ, ಊರಿನಲ್ಲಿ ಬಾವಿಕಟ್ಟೆಯ ಹಿಂದೆ ತಾನಾಗಿ ಬೆಳೆಯುವ ಕೆಸುವನ್ನೇ? ಮಾತು ಕೇಳಲು ಚೆನ್ನಾಗಿದೆ. ಆದರೆ ಸಮುದ್ರವೂ ಮಲ್ಪೆಯಲ್ಲಿ ತಾನಾಗಿಯೇ ಇದೆಯಲ್ಲ! ಬಾವಿಕಟ್ಟೆಯ ಹಿಂದಿನ ಗಿಡ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಒಂದು ಜನಾಂಗದ ಮೂಲಪುರುಷನಿಗೆ ಅಣ್ಣನಾಗಿ ಕುಳಿತಿರುವುದು ನೋಡತಕ್ಕ ಸಂಗತಿಯಲ್ಲದಿದ್ದರೆ ಇನ್ನು ಯಾವುದು?

ಅಣ್ಣ ಎಂದದ್ದು ಅಲಂಕಾರಕ್ಕಲ್ಲ. ಹವಾಯಿಯ ಪುರಾಣದ ಪ್ರಕಾರ ವಾಕೆಯ ಮತ್ತು ಹೋಹೋಕೂಕಲನಿ ದಂಪತಿಗೆ ಮೊದಲು ಹುಟ್ಟಿದ ಮಗುವಿಗೆ ಜೀವವಿರಲಿಲ್ಲ. ಮಣ್ಣು ಮಾಡಿದ ಜಾಗದಲ್ಲಿ ಕೆಸುವಿನ ಗಿಡ ಹುಟ್ಟಿತು. ಎರಡನೆಯ ಮಗು ಬದುಕಿತು. ಅದಕ್ಕೆ ಅಣ್ಣನ ಹೆಸರನ್ನೇ, ಹಾಲೋವಾ ಎಂದು ಇಟ್ಟರು. ಹವಾಯಿಯ ಜನರೆಲ್ಲ ಆ ತಮ್ಮನ ಸಂತತಿ. ಅಣ್ಣ ಅನ್ನ ಕೊಡುತ್ತಾನೆ, ತಮ್ಮ ಅಣ್ಣನ ಗದ್ದೆ ಕಾಯುತ್ತಾನೆ. ಊಟದ ಮುಂದೆ ಕುಳಿತರೆ ಬಟ್ಟಲಿನಲ್ಲಿರುವವನು ಮನೆಯ ಹಿರಿಯ.

ಆ ಬಟ್ಟಲಿನ ಪೊಯ್ ನಿನ್ನೆ ರಾತ್ರಿ ನಮ್ಮ ಮೇಜಿಗೂ ಬಂತು. ಬೇಯಿಸಿದ ಗಡ್ಡೆಯನ್ನು ಹಲಗೆಯ ಮೇಲೆ ಕಲ್ಲಿನಲ್ಲಿ ಜಜ್ಜಿ, ನೀರು ಬೆರೆಸಿ ಮಾಡುವುದು ಹಳೆಯ ಕ್ರಮ. ಬೂದಿ ಬೆರೆತ ನೇರಳೆ ಬಣ್ಣ, ಎರಡು ದಿನ ಇಟ್ಟರೆ ಹುಳಿ ಬರುತ್ತದೆ. ಭಾವಮೈದುನ ಬೆರಳಿನಲ್ಲಿ ಅದ್ದಿ ನೆಕ್ಕಿ, ಸಿನಿಮಾ ಪೋಸ್ಟರ್ ಅಂಟಿಸುವ ಮೈದಾ ಗಂಜಿಯಂತಿದೆ ಎಂದ. ಪೊಯ್ ಬಟ್ಟಲು ತೆರೆದಿರುವಾಗ ಜಗಳವಾಡಬಾರದು ಎನ್ನುವುದು ಹವಾಯಿಯರ ಪದ್ಧತಿ. ಅವನು ಬಚಾವಾದದ್ದು ಆ ಪದ್ಧತಿಯಿಂದ. ಫೇಸ್‌ಬುಕ್ಕಿಗೆ ಅಂಥ ಪದ್ಧತಿಯೇನೂ ಇಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ಹೇಗೂ ಹೆಂಡತಿ ಕಾಮೆಂಟಿನಲ್ಲಿ ಹೇಳುತ್ತಾಳೆ. ನನಗೆ ಈಜು ಬಾರದು. ಕಡಲತೀರದಲ್ಲಿ ಹುಟ್ಟಿಯೂ ಅಲೆ ಎಂದರೆ ಎದೆ ಡವಗುಟ್ಟುತ್ತದೆ, ಹನಲೇ ಕೊಲ್ಲಿಯಲ್ಲಿ ಮೊಣಕಾಲಿಗಿಂತ ಮೇಲೆ ನೀರು ಬರಲು ನಾನು ಬಿಟ್ಟಿಲ್ಲ. ಗದ್ದೆಯ ಪಕ್ಷ ವಹಿಸಲು ಅದೇ ಕಾರಣ ಎಂದು ಬೇಕಾದರೆ ಅಂದುಕೊಳ್ಳಿ. ಈಜು ಬರುವವರಿಗೂ ಕಣ್ಣಿರುತ್ತದೆ ಎಂಬುದಷ್ಟೇ ನನ್ನ ವಾದ.

ಗುರುವಾರ ಎಲ್ಲರೂ ಹೆಲಿಕಾಪ್ಟರ್ ಹತ್ತುತ್ತಾರಂತೆ, ದ್ವೀಪವನ್ನು ಮೇಲಿನಿಂದ ಮುಗಿಸಿಬಿಡಲು. ನಾನು ಬರುವುದಿಲ್ಲ ಎಂದಿದ್ದೇನೆ. ಗುರುವಾರ ವೈಪಾದಲ್ಲಿ ಊರಿನವರೆಲ್ಲ ಸೇರಿ ಪೊಯ್ ಮಾಡುವ ದಿನ, ಬೆಳಗ್ಗೆ ಬೇಗ ಹೋದರೆ ಕೆಸುವಿನ ಗಡ್ಡೆ ಸುಲಿಯಲು ನಮ್ಮಂಥವರ ಕೈಯೂ ಆಗುತ್ತದೆ. ಭಾವಮೈದುನನ ಮಗಳು "ನಾನೂ ನಿಮ್ಮ ಜೊತೆಗೇ ಬರುತ್ತೇನೆ ಮಾವ" ಎಂದು ಹಟ ಹಿಡಿದಿದ್ದಾಳೆ. ಅವಳ ಹೆಲಿಕಾಪ್ಟರ್ ಟಿಕೆಟ್ಟಿನ ದುಡ್ಡು ವಾಪಸು ಬರುವುದಿಲ್ಲವಂತೆ. ಆ ಜಗಳಕ್ಕೆ ನಾನು ಹೊಣೆಯಲ್ಲ.