ರೊಕ್ಕ ಕೊಟ್ಟು ತಂದ ಪಾಚಿ

ಇವತ್ತು ನಮ್ಮ ಓಣಿಗೆ ನೀರು ಬರುವ ಪಾಳಿ. ಎಂಟು ದಿನಕ್ಕೊಮ್ಮೆ ಮಲಪ್ರಭೆ ದರ್ಶನ ಕೊಡುತ್ತಾಳೆ, ಅದೂ ನಸುಕಿನ ನಾಲ್ಕಕ್ಕೆ. ಎದ್ದು ನಲ್ಲಿಗೆ ಪೈಪು ಸಿಕ್ಕಿಸಿ, ಕೊಡ, ಬಕೆಟ್ಟು, ಕಡೆಗೆ ಕುಕ್ಕರನ್ನೂ ಸಾಲಾಗಿಟ್ಟು ಒಳಗೆ ಬಂದು ನೋಡುತ್ತೇನೆ, ಗಾಜಿನ ಪೆಟ್ಟಿಗೆಯೊಳಗೆ ಅಜ್ಜಾರು ಎರಡು ನೂರು ರೂಪಾಯಿಯ ಪಾಚಿಯನ್ನು ಕಿತ್ತು ಮರಳ ಮೇಲೆ ಹಾಸಿಕೊಂಡು ಅದರ ಮೇಲೆ ವಿರಾಜಮಾನರಾಗಿದ್ದಾರೆ. ಇದು ಮೂರನೇ ಸಲ.

ಅಜ್ಜಾರು ಅಂದರೆ ಯಾವ ಮಠದವರೂ ಅಲ್ಲ. ಮಗಳ ಹುಟ್ಟುಹಬ್ಬಕ್ಕೆಂದು ಹೆಂಡತಿಯ ತಮ್ಮ ಬೆಂಗಳೂರಿನಿಂದ ತಂದುಕೊಟ್ಟ ಸನ್ಯಾಸಿ ಏಡಿ. ಯಾವುದೋ ಸತ್ತ ಹುಳದ ಶಂಖ ಹೊತ್ತು ತಿರುಗುತ್ತದೆ, ಮೈ ಬೆಳೆದರೆ ದೊಡ್ಡ ಶಂಖ ಹುಡುಕಿ ಮನೆ ಬದಲಿಸುತ್ತದೆ. ಬಾಡಿಗೆಯಿಲ್ಲ, ಡಿಪಾಜಿಟ್ಟಿಲ್ಲ. "ಸನ್ಯಾಸಿ ಅಂದಮ್ಯಾಲೆ ಅಜ್ಜಾರ ಅನಬೇಕು" ಎಂದು ಅವ್ವ ಮೊದಲ ದಿನವೇ ನಾಮಕರಣ ಮಾಡಿದಳು. ಕೊಟ್ಟವನು ಮಧ್ಯಾಹ್ನವೇ ವಂದೇ ಭಾರತ್ ಹತ್ತಿ ಪಾರಾದ. ಹೋಗುವಾಗ, "ಇದಕ್ಕೇನೂ ಬ್ಯಾಡ ಮಾಮಾ, ಒಂದೀಟ ನೀರ ಇಟ್ರ ಸಾಕು" ಅಂದ.

ಒಂದೀಟ!

ಇದಕ್ಕೆ ಎರಡು ಹೊಂಡ ಬೇಕು. ಒಂದು ಸಿಹಿನೀರಿನದು, ಇನ್ನೊಂದು ಉಪ್ಪುನೀರಿನದು, ಎರಡೂ ಮುಳುಗಿ ಏಳುವಷ್ಟು ಆಳ. ನೆಲದ ಮೇಲೆ ಓಡಾಡಿದರೂ ಇದು ಉಸಿರಾಡುವುದು ಕಿವಿರಿನಿಂದಲೇ, ಅದು ಒಣಗಬಾರದು. ಅದಕ್ಕೇ ಶಂಖದೊಳಗೆ ನೀರು ತುಂಬಿಕೊಂಡು ತಿರುಗುತ್ತದೆ, ನಾವು ಕೊಡ ಹೊತ್ತುಕೊಂಡು ತಿರುಗುವ ಹಾಗೆ. ಉಪ್ಪೂ ಅಡಿಗೆಮನೆಯದು ನಡೆಯುವುದಿಲ್ಲ. ಅಕ್ವೇರಿಯಂ ಅಂಗಡಿಯ ಸಮುದ್ರದುಪ್ಪು, ಲೀಟರಿಗೆ ಸುಮಾರು 35 ಗ್ರಾಂ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಬೇಕು. ಅವ್ವ ತನ್ನ ತಾಮ್ರದ ತಂಬಿಗೆಯಿಂದಲೇ ಸುರಿಯಲು ಹೋದಾಗ ಓಡಿಹೋಗಿ ಕೈ ಹಿಡಿದೆ. ಏಡಿಗಳಿಗೆ ತಾಮ್ರ ವಿಷ.

"ತಾಮ್ರದ ನೀರ ವಿಷನಾ? ನಮ್ಮಪ್ಪ ಇದ ತಂಬಿಗಿ ನೀರ ಕುಡದು ತೊಂಬತ್ತ ವರ್ಷ ಬದುಕಿದ್ದ."

"ನಿಮ್ಮಪ್ಪ ಏಡಿ ಆಗಿರಲಿಲ್ಲಲ್ಲಬೇ."

ಎರಡು ದಿನ ಮಾತಿಲ್ಲ.

ಇಷ್ಟಾದರೆ ಸಹಿಸಿಕೊಳ್ಳುತ್ತಿದ್ದೆ. ಅಂಗಡಿಯವನು ಒಂದು ಮಾತು ಹೇಳಿದ ನೋಡಿ, ನಾನು ಕೆಟ್ಟಿದ್ದು ಅಲ್ಲಿ. "ಹೊಂಡದಾಗ ಜೀವಂತ ಗಿಡ ಹಾಕ್ರಿ ಸರ್, ಹೊಲಸೆಲ್ಲಾ ಅವ ಹೀರ್ಕೋತಾವು. ಮತ್ತ ನೀರ ಬದ್ಲಿ ಮಾಡೂ ಮಾತ ಇಲ್ಲ." ಎಂಟು ದಿನಕ್ಕೊಮ್ಮೆ ನೀರು ಕಾಣುವ ಮನುಷ್ಯನಿಗೆ ಹೇಳುವ ಮಾತೇ ಇದು? ಆ ಕ್ಷಣ ಅವನು ಹೊಲ ಬರೆದುಕೊಡು ಅಂದಿದ್ದರೂ ಬರೆದುಕೊಡುತ್ತಿದ್ದೆ. ಜಾವಾ ಮಾಸ್ ಎಂಬ ಪಾಚಿಯ ಒಂದು ಮುದ್ದೆ, ಅನೂಬಿಯಾಸ್ ಎಂಬ ಗಟ್ಟಿ ಎಲೆಯ ಎರಡು ಗಿಡ ಕಟ್ಟಿಸಿಕೊಂಡು ಬಂದೆ.

ಅವ್ವ ಮುದ್ದೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಹೋದ ತಿಂಗಳ ಟ್ಯಾಂಕಿನ್ಯಾಗಿನ ಪಾಚಿ ತಗಿಯಾಕ ಒಬ್ಬವಗ ಐದನೂರ ಕೊಟ್ಟಿ. ಈಗ ಪಾಚಿ ಹಾಕಾಕ ಇನ್ನೊಬ್ಬವಗ ಎರಡನೂರ ಕೊಟ್ಟಿ. ಅವಂಗೂ ಇವಂಗೂ ಗಂಟ ಹಾಕಿಬಿಟ್ಟಿದ್ರ ಮುಗೀತಿತ್ತಲ್ಲೋ. ಹಸರ ಬೇಕಂದ್ರ ಉಣಕಲ್ ಕೆರಿಯಾಗ ಅಂತರಗಂಗಿ ಏನ್ ಕಡಿಮಿ ಐತಿ?"

ಉಪ್ಪಿನ ಹೊಂಡಕ್ಕೆ ಹಾಕಿದ ಗಿಡ ನಾಲ್ಕು ದಿನಕ್ಕೆ ಬೆಂದ ಪುಂಡಿಪಲ್ಯದಂತಾಯಿತು. ಸಿಹಿನೀರಿನ ಗಿಡ ಸಮುದ್ರದ ಉಪ್ಪಿನಲ್ಲಿ ಬದುಕುವುದಿಲ್ಲ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಸವರಿಟ್ಟರೆ ನೀರು ಬಿಡುತ್ತದಲ್ಲ, ಹಾಗೆ ಇದ್ದಬದ್ದ ನೀರು ಬಿಟ್ಟು ಮಲಗಿತು. ಉಳಿದ ಪಾಚಿಯನ್ನಾದರೂ ಕಾಪಾಡೋಣವೆಂದು ಓದಿ ನೋಡಿದೆ. ಅಂಗಡಿಯಲ್ಲಿ ಬಸವನಹುಳು ಕೊಲ್ಲಲು ತಾಮ್ರದ ಔಷಧಿ ಹೊಡೆದಿರಬಹುದು, ಎರಡು ವಾರ ಬೇರೆ ಬಕೆಟ್ಟಿನಲ್ಲಿ ನೀರು ಬದಲಿಸುತ್ತ ಇಡುವುದು ಒಳ್ಳೆಯದು ಎಂದಿತ್ತು. ಇಟ್ಟೆ. ಬಚ್ಚಲಮನೆಯ ಮೂಲೆಯಲ್ಲಿ.

ಗದಗಿನ ಕಾಕಾ ಮದುವೆಗೆಂದು ಬಂದು ನಮ್ಮಲ್ಲಿ ಇಳಿದದ್ದು ಅದೇ ವಾರ. ಗರಡಿಮನೆಯ ಮೈ, ವಯಸ್ಸು ಎಪ್ಪತ್ತಾದರೂ ತಣ್ಣೀರಿನದೇ ಸ್ನಾನ, ಅದೂ ಐದಕ್ಕೆ. ಆವತ್ತು ಕರೆಂಟು ಹೋಗಿತ್ತು. ಒಳಗಿನಿಂದ ವಚನ ಕೇಳಿಸುತ್ತಿತ್ತು, ನಡುನಡುವೆ "ಆಹಾ" ಎಂಬ ಉದ್ಗಾರವೂ. ನಾನು ಹಾಸಿಗೆಯಲ್ಲೇ ಎದ್ದು ಕೂತೆ. ನಮ್ಮ ಮನೆಯ ನೀರಿಗೆ ಇದುವರೆಗೆ ಯಾರೂ ಆಹಾ ಅಂದಿರಲಿಲ್ಲ.

ಹೊರಗೆ ಬಂದ ಕಾಕಾನ ಎಡಗಿವಿಯ ಹಿಂದೆ ಹಸಿರು ಎಳೆ, ಮೀಸೆಯಲ್ಲಿ ಇನ್ನೊಂದು. "ಏನ್ ನೀರ ಇಟ್ಟಿದ್ದೀಪಾ! ಮೈ ಎಷ್ಟ ಹಗರ ಆತು! ತಿಕ್ಕೊಳ್ಳಾಕ ಮೆತ್ತನ್ನ ನಾರೂ ಇಟ್ಟಿದ್ದಿ." ಇಣುಕಿ ನೋಡಿದರೆ ಜಾವಾ ಮಾಸನ್ನು ಚೆನ್ನಾಗಿ ಹಿಂಡಿ ಮೊಳೆಗೆ ತೂಗುಹಾಕಿದ್ದ. ಸೋಪಿನ ನೊರೆ ಇನ್ನೂ ತೊಟ್ಟಿಕ್ಕುತ್ತಿತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋದಳು. ಹೆಂಡತಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಯಾರೂ ಬಾಯಿ ಬಿಡಲಿಲ್ಲ. ಆದರೆ ಮಕ್ಕಳಿರುವ ಮನೆ.

"ಕಾಕಾ ಅಜ್ಜಾ, ಅದು ಅಜ್ಜಾರದು."

ಕಾಕಾ ಉಪ್ಪಿಟ್ಟಿನ ತಾಟು ಕೆಳಗಿಟ್ಟ. "ಅಜ್ಜಾರದಾ?"

"ಹ್ಞೂಂ. ಅಜ್ಜಾರ ಹೊಂಡದ್ದು."

ಕಾಕಾ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ. "ನನಗ ಮೊದಲ ತಂಬಿಗಿಗೇ ಅನಿಸ್ತು. ಆ ನೀರಿನ ಶಕ್ತೀನ ಬ್ಯಾರೆ." ಯಾವ ಮಠ, ಎಂದು ಸಿಕ್ಕಿತು ಎಂದೆಲ್ಲ ಕೇಳುವ ಮುನ್ನ ನಾನು ಬಸ್ಸಿನ ಟೈಮು ಹೇಳಿದೆ. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಮತ್ತೆ ಎರಡು ನೂರು ಕೊಟ್ಟು ಹೊಸ ಮುದ್ದೆ ತಂದೆ. ಅದನ್ನು ಅಜ್ಜಾರು ಒಂದೇ ರಾತ್ರಿಯಲ್ಲಿ ಎಳೆಎಳೆಯಾಗಿ ಬಿಡಿಸಿದರು, ಒಂದಷ್ಟು ತಿಂದರು. ತಿನ್ನಲಿ, ಸೊಪ್ಪು ಅವರ ಊಟವೇ. ಕಾಲಿಗೆ ಆಸರೆ ಸಿಕ್ಕಿತೆಂದು ಹೊಂಡಕ್ಕೆ ಇಳಿಯುವುದೂ ಜಾಸ್ತಿಯಾಗಿದೆ, ಅದೊಂದು ಲಾಭ. ಆದರೆ ನೀರು ಬದಲಿಸುವುದು ತಪ್ಪಿದೆಯೇ? ಇಳಿದಾಗಲೆಲ್ಲ ಮರಳು, ಊಟದ ಚೂರು, ಇನ್ನೇನೇನೋ ಹೊತ್ತು ತರುತ್ತಾರೆ. ಅಷ್ಟು ಚಿಕ್ಕ ಹೊಂಡದಲ್ಲಿ ಒಂದು ಮುಷ್ಟಿ ಪಾಚಿ ಎಷ್ಟಂತ ಹೀರೀತು? ಈಗ ಅಜ್ಜಾರಿಗೆ ಎರಡು ಹೊಂಡ, ಪಾಚಿಗೆ ಒಂದು ಬಕೆಟ್ಟು. ನನಗೆ ಅರ್ಧ ಬಕೆಟ್ಟು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಶಂಖ ಗಾಜಿಗೆ ಉಜ್ಜುವ ಸದ್ದು ಬರುತ್ತದೆ. ಕಿರ್ರ್, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಕಿರ್ರ್. ಸಾಕಿದ ಮನೆಗಳಲ್ಲಿ ಇವು ಮರಿ ಮಾಡುವುದು ತೀರಾ ಅಪರೂಪವಂತೆ. ಮೊಟ್ಟೆ ಒಡೆಯಲು ಸಮುದ್ರವೇ ಬೇಕು. ಅಂದರೆ ಇದನ್ನೂ ಯಾವುದೋ ದಂಡೆಯಲ್ಲಿ ಹಿಡಿದದ್ದೇ. ಯಾವ ದಂಡೆ ಅಂತ ಕೊಟ್ಟವನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ. ಒಂದು ರಾತ್ರಿ ಎದ್ದು ನೋಡಿದರೆ ಅವ್ವ ಕತ್ತಲಲ್ಲಿ ಪೆಟ್ಟಿಗೆಯ ಮುಂದೆ ಕೂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಮಗ್ಗು.

"ನಿನ್ನಿ ತುಂಬಿಟ್ಟದ್ದ ನೀರ. ತಾಮ್ರದ್ದಲ್ಲ," ಅಂದಳು, ನಾನೇನೂ ಕೇಳದಿದ್ದರೂ.

ಇವತ್ತು ನಲ್ಲಿ ನಿಂತ ಮೇಲೆ ಕಾಕಾನ ಫೋನು. ಮೊಣಕಾಲು ನೋವು ಅರ್ಧ ಇಳಿದಿದೆಯಂತೆ, ಹೊಂಡದ್ದು ಇನ್ನೊಂದೀಟು ಕಳಿಸಬೇಕಂತೆ. ಕಿತ್ತು ಬಿದ್ದ ಪಾಚಿಯನ್ನು ಹೇಗಿದ್ದರೂ ಎಸೆಯುವವನಿದ್ದೆ. ತೊಳೆದು, ಖಾಲಿ ಪೇಢೆ ಡಬ್ಬಿಗೆ ತುಂಬಿ, ಗದಗಿನ ಬಸ್ಸಿಗೆ ಹೊರಟ ಪರಿಚಯದವರ ಕೈಗಿಟ್ಟೆ. ದಾರಿಯಲ್ಲಿ ಡಬ್ಬಿ ತೆರೆಯಬೇಡಿರೆಂದು ಎರಡು ಸಲ ಹೇಳಿದೆ. ಹಾಗೆ ಹೇಳಿದ್ದೇ ತಪ್ಪಾಯಿತೇನೋ, ಅವರ ಮುಖ ನೋಡಿದರೆ ಅಣ್ಣಿಗೇರಿ ದಾಟುವ ಮೊದಲೇ ತೆರೆಯುವವರಂತೆ ಕಂಡರು.